ಲಾಳದ ಸಾಬರು ಬಿಚ್ಚಿದ ಟೈರು

ಅವರ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಆ ಹೆಸರು ಹಿಡಿದು ಚಳ್ಳಕೆರೆಯಲ್ಲಿ ವಿಚಾರಿಸಿದ್ದರೆ ಯಾರೂ ಅಂಗಡಿ ತೋರಿಸುತ್ತಿರಲಿಲ್ಲ. ‘ಲಾಳದ ಸಾಬರು’ ಎಂದರೆ ಮಾತ್ರ ಕಂಬಳಿ ಮಾರುವವರಿಂದ ಹಿಡಿದು ಅಮಲ್ದಾರರ ಕಚೇರಿಯ ಜವಾನನವರೆಗೆ ಎಲ್ಲರೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದರು. ಹೋದ ತಿಂಗಳು ಬಸ್ಸಿನ ಏಜೆಂಟ ನಮ್ಮ ಮನೆಗೆ ಬಂದಿದ್ದ. ಕಡ್ಲೆಕಾಯಿ ಧಾರಣೆ ಹೇಳಿದ, ಹೊಸ ಡ್ರೈವರನ ಸೊಕ್ಕಿನ ಕಥೆ ಹೇಳಿದ, ಎದ್ದು ಚಪ್ಪಲಿ ಮೆಟ್ಟುವಾಗ, “ಅಂದಂಗೆ ಲಾಳದ ಸಾಬ್ರು ಹೋಗ್ಬಿಟ್ರು ಕಣಣ್ಣ” ಎಂದ. ನಾನು “ಹೌದಾ” ಎಂದೆ. ಆಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ಬಸ್ಸು ಓಡಿಸುತ್ತಿದ್ದವನು. ಹಾರ್ನು ಕೇಳಿದರೆ ಎತ್ತುಗಳು ಬೆದರಿ ಗಾಡಿ ಹೊಲಕ್ಕೆ ಇಳಿಯುತ್ತಿದ್ದ ಕಾಲ ಅದು. ಡ್ರೈವರ್ ಎಂದರೆ ಶ್ಯಾನುಭೋಗರು ಕೂಡ ತಾವಾಗಿ ಮಾತಾಡಿಸುತ್ತಿದ್ದರು. ಖಾಕಿ ಕೋಟು, ಕಾಲಿಗೆ ಬೂಟು. ಆ ಬೂಟು ಮೆಟ್ಟಿದ ಮೇಲೆ ನನ್ನ ನಡಿಗೆಯೇ ಬದಲಾಯಿತೆಂದು ನಮ್ಮವ್ವ ನಗುತ್ತಿದ್ದಳು.

ಸಾಬರ ಮನೆತನದ ಕಸುಬು ಎತ್ತುಗಳಿಗೆ ಲಾಳ ಕಟ್ಟುವುದು. ಅಪ್ಪ ಕಟ್ಟುತ್ತಿದ್ದರು, ಅಣ್ಣ ಕಟ್ಟುತ್ತಿದ್ದರು. ಇವರೂ ಹರೆಯದಲ್ಲಿ ಕಟ್ಟಿದವರೇ. ಮೋಟಾರು ಬಂದ ಹೊಸತರಲ್ಲಿ ಬಳ್ಳಾರಿಗೆ ಹೋಗಿ ಎರಡು ವರ್ಷ ಇದ್ದು, ಟೈರು ಬಿಚ್ಚುವುದು, ಟ್ಯೂಬಿಗೆ ತೇಪೆ ಹಾಕುವುದು ಕಲಿತು ಬಂದರು. ಬಸ್ಸು ನಿಲ್ಲುವ ಬೇವಿನ ಮರದಿಂದ ಮೂವತ್ತು ಹೆಜ್ಜೆ ದೂರದಲ್ಲಿ ತಗಡಿನ ಅಂಗಡಿ ಹಾಕಿದರು. ಕೆಲಸ ಬದಲಾದರೂ ಹೆಸರು ಬದಲಾಗಲಿಲ್ಲ. ಕುಳ್ಳನೆಯ ಆಳು, ದಪ್ಪ ಕುತ್ತಿಗೆ, ಬರಿಗಾಲು. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಲಾಳ ಕಟ್ಟುವವರು ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಟೈರಿಗೆ ಮೊಳೆಯ ಹಂಗಿಲ್ಲ. ಆದರೂ ಚಕ್ರದ ಮುಂದೆ ಕೂತರೆಂದರೆ ಸಾಬರ ತುಟಿ ತಾನಾಗಿ ಬಿಗಿದುಕೊಳ್ಳುತ್ತಿತ್ತು. ಕೆಲಸ ಮುಗಿಯುವವರೆಗೆ ಏನು ಕೇಳಿದರೂ ಬಾಯಿಯ ಓರೆಯಿಂದ ಎರಡು ಮಾತು, ಅಷ್ಟೇ.

ನಮ್ಮ ರಸ್ತೆಯಲ್ಲಿ ಟೈರಿಗೆ ಎರಡು ಶತ್ರುಗಳು. ಒಂದು ಜಾಲಿಮುಳ್ಳು. ಇನ್ನೊಂದು ಎತ್ತಿನ ಗೊರಸಿನಿಂದ ಕಳಚಿ ಬಿದ್ದ ಲಾಳದ ಮೊಳೆ. ಅಣ್ಣ ಹೊಡೆದ ಮೊಳೆಯನ್ನು ತಮ್ಮ ಕೀಳುತ್ತಾನೆ, ಮನೆಯವರೆಲ್ಲ ಸೇರಿ ಒಳ್ಳೆ ವ್ಯಾಪಾರ ಹೂಡಿದ್ದಾರೆ ಎಂದು ಪೇಟೆಯಲ್ಲಿ ನಗೆಯಾಡುತ್ತಿದ್ದರು. ಸಾಬರು ನಗುತ್ತಿರಲಿಲ್ಲ. ಕಿತ್ತ ಮೊಳೆಯನ್ನು ಬೆಳಕಿಗೆ ಹಿಡಿದು ತಲೆ ನೋಡುತ್ತಿದ್ದರು. “ಇದು ರಾಂಪುರದೋರ್ದು, ತಲೆ ಚಪ್ಪಟೆ ಐತೆ.” “ಇದು ದೇವಸಮುದ್ರದ್ದು.” ಒಮ್ಮೊಮ್ಮೆ ಏನೂ ಹೇಳದೆ ಮೊಳೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವತ್ತು ತೇಪೆಗೆ ಕಾಸು ಮುಟ್ಟುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. “ನಮ್ಮನೆ ಮೊಳೆ” ಎಂದರು. ಅಣ್ಣ ಹೊಡೆದ ಮೊಳೆ ಯಾರದೋ ಎತ್ತಿನ ಕಾಲಿನಿಂದ ಬಿದ್ದರೆ ಇವರೇನು ಮಾಡಲಾಗುತ್ತದೆ? ಹಾಗೆಂದು ನಾನು ವಾದ ಮಾಡಿದೆ. “ಸರಿಯಾಗಿ ಹೊಡೆದಿದ್ರೆ ಯಾಕ್ ಬೀಳ್ತಿತ್ತು?” ಎಂದು ನನ್ನನ್ನೇ ಕೇಳಿದರು. ಇಂಥವರು ಪೇಟೆಯಲ್ಲಿ ಹೇಗೆ ಬದುಕುತ್ತಾರೋ ಎಂದು ನನಗೆ ಆಗ ಅನಿಸಿತ್ತು.

ಆಗಿನ ಟೈರಿನ ವಿಷಯ ಈಗಿನವರಿಗೆ ಸ್ವಲ್ಪ ಹೇಳಬೇಕು. ಟೈರಿನ ಎರಡೂ ಅಂಚಿಗೆ ಗಟ್ಟಿ ರಬ್ಬರಿನ ಏಣು ಇರುತ್ತಿತ್ತು. ಚಕ್ರದ ಕಬ್ಬಿಣದ ಬಳೆಯ ಮಡಿಕೆಯೊಳಗೆ ಆ ಏಣು ಕೂತು, ಗಾಳಿ ತುಂಬಿದಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಬಿಚ್ಚುವಾಗ ಕಬ್ಬಿಣದ ಪಟ್ಟಿ ತೂರಿಸಿ ಅದನ್ನು ಬೆರಳಷ್ಟು ಬೆರಳಷ್ಟೇ ಎಬ್ಬಿಸಿಕೊಂಡು ಹೋಗಬೇಕು. ಅವಸರ ಮಾಡಿ ಒಂದೇ ಕಡೆ ಒತ್ತಿದರೆ ಏಣು ಹರಿಯುತ್ತದೆ. ಹರಿದರೆ ಮುಗಿಯಿತು. ಮೇಲೆ ಎಷ್ಟೇ ಹೊಸದಾಗಿ ಕಂಡರೂ ಆ ಟೈರು ಚಕ್ರದಲ್ಲಿ ನಿಲ್ಲುವುದಿಲ್ಲ, ಓಡುವಾಗಲೇ ಕಳಚಿ ಬರುತ್ತದೆ. ಮುಳ್ಳಿನಿಂದ ಸತ್ತ ಟೈರುಗಳಿಗಿಂತ ರಿಪೇರಿ ಅಂಗಡಿಯಲ್ಲಿ ಬಿಚ್ಚುವಾಗ ಸತ್ತ ಟೈರುಗಳೇ ಹೆಚ್ಚು. ಅಂಗಡಿಯವನು ಮೊದಲೇ ಹರಿದಿತ್ತು ಎನ್ನುವನು, ಡ್ರೈವರು ಇರಲಿಲ್ಲ ಎನ್ನುವನು. ಬಳ್ಳಾರಿಯಲ್ಲಿ ಈ ಜಗಳ ನೋಡುವುದಕ್ಕೇ ಜನ ಸೇರುತ್ತಿದ್ದರು.

ಸಾಬರ ಅಂಗಡಿಯಲ್ಲಿ ಆ ಜಗಳಕ್ಕೆ ಜಾಗವಿರಲಿಲ್ಲ. ಎತ್ತನ್ನು ಕೆಡವಿ ಕಾಲು ಕಟ್ಟುವುದಕ್ಕೆ ಮುಂಚೆ ಅವರ ಅಪ್ಪ ಎತ್ತಿನವನಿಗೆ, “ಹತ್ತು ಹೆಜ್ಜೆ ನಡೆಸಿ ತೋರ್ಸು” ಎನ್ನುತ್ತಿದ್ದರಂತೆ. ಮೊದಲೇ ಕುಂಟುತ್ತಿದ್ದರೆ ಎಲ್ಲರ ಮುಂದೆ ಹೇಳಬೇಕು. ಲಾಳ ಕಟ್ಟಿ ಎಬ್ಬಿಸಿದ ಮೇಲೆ ಮತ್ತೆ ಹತ್ತು ಹೆಜ್ಜೆ. ಆಗ ಕುಂಟಿದರೆ ಕಟ್ಟಿದವನ ತಪ್ಪು, ಎರಡನೇ ಮಾತಿಲ್ಲ. ಆ ರೂಢಿಯನ್ನು ಇವರು ರಬ್ಬರಿಗೆ ತಂದರು. ಹಳೆಯ ಕಂಬಳಿ ಹಾಸಿ ಅದರ ಮೇಲೆ ಚಕ್ರ ಮಲಗಿಸುವರು. ಗಾಳಿ ಬಿಡುವರು. ಆಮೇಲೆ, “ಕೈಯಾಡ್ಸಿ ನೋಡ್ರಿ” ಎನ್ನುವರು. ಬಂದವನು ಯಾರೇ ಇರಲಿ, ಅಮಲ್ದಾರರೇ ಇರಲಿ, ಬಗ್ಗಿ ಅಂಚಿನ ಸುತ್ತ ಎರಡೂ ಕಡೆ ಕೈಯಾಡಿಸಬೇಕು. ಹಳೆಯ ಗಾಯವಿದ್ದರೆ ಸೀಮೆಸುಣ್ಣದ ಗೆರೆ. ಇಲ್ಲದಿದ್ದರೆ “ಸರಿ ಐತೆ” ಎಂದು ಬಾಯಿ ಬಿಟ್ಟು ಹೇಳಬೇಕು. “ಎತ್ತು ಮಾತಾಡಲ್ಲ, ಟೈರೂ ಮಾತಾಡಲ್ಲ. ನೀವಾದ್ರೂ ಮಾತಾಡ್ರಿ” ಎನ್ನುವರು. ಆಮೇಲೆ ಅಂಟುವಾಳದ ನೊರೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯನ್ನು ಅಂಟುವಾಳದಲ್ಲಿ ತೊಳೆಯುವುದನ್ನು ನೋಡಿ ಕಲಿತದ್ದಂತೆ. ಏಣಿನ ಸುತ್ತ ನೊರೆ ಸುರಿದು, ಅದು ಇಳಿಯುವವರೆಗೆ ಒಂದು ಬೀಡಿ ಸೇದುವರು. ಬೀಡಿ ಮುಗಿಯದೆ ಪಟ್ಟಿ ಮುಟ್ಟುತ್ತಿರಲಿಲ್ಲ.

ಪಟ್ಟಿಗಳು ಎರಡೇ. ಜಟಕಾ ಗಾಡಿಯ ಹಳೆಯ ಸ್ಪ್ರಿಂಗನ್ನು ತಾವೇ ಕಾಯಿಸಿ ಬಡಿದು, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡದ್ದು. ಒಂದನ್ನು ಪಾದದಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದನ್ನು ಕೈಯಲ್ಲಿ ಆಡಿಸುವರು. ಒಬ್ಬರೇ ಮಾಡುವುದರಿಂದ ಹೊತ್ತು ಹಿಡಿಯುತ್ತಿತ್ತು. “ಇನ್ನೊಬ್ಬನ್ನ ಇಟ್ಕಳ್ರಿ ಸಾಬ್ರೇ, ಬೇಗ ಆಗ್ತೈತೆ” ಎಂದರೆ, “ಬೇಗ ಹರೀತೈತೆ” ಎನ್ನುವರು.

ಅವರು ನನ್ನನ್ನು ಬೈದದ್ದು ಒಂದೇ ಸಲ. ನಾನು ಡ್ರೈವರಾದ ಮೊದಲ ವರ್ಷ ದಾರಿಯಲ್ಲಿ ಟೈರು ಬಿಚ್ಚಲು ಕೂತೆ. ಏನು ಮಾಡಿದರೂ ಬರಲಿಲ್ಲ. ಬಸ್ಸಿನ ಮೇಲೆ ಕಡ್ಲೆಕಾಯಿ ಎಣ್ಣೆಯ ಡಬ್ಬಗಳಿದ್ದವು. ನಮ್ಮ ಕಡೆ ಚಪ್ಪಲಿ ಬಿಗಿಯಾದರೂ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಮಗುವಿಗೆ ಶೀತವಾದರೂ ಎಣ್ಣೆ. ಡಬ್ಬದವನನ್ನು ಕೇಳಿ ಒಂದು ಪಾವು ಸುರಿದೆ. ಟೈರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅಲ್ಲಿಂದ ಮುಂದೆ ಒಂದು ತಿಂಗಳು ಅದೇ ಉಪಾಯ ಮಾಡಿದೆ, ಯಾರಿಗೂ ಹೇಳಿಕೊಡಲಿಲ್ಲ. ಆಮೇಲೆ ಒಂದು ದಿನ ಸಾಬರು ಆ ಟೈರು ಮುಟ್ಟಿ, ಬೆರಳು ಮೂಸಿ ನೋಡಿದರು. ಏಣು ಉಬ್ಬಿ ಮೆತ್ತಗಾಗಿ, ಉಗುರು ಹಾಕಿದರೆ ಕಿತ್ತು ಬರುತ್ತಿತ್ತು.

“ಲೇ, ಒಗ್ಗರಣೆ ಹಾಕಿದೀಯೇನೋ ಇದಕ್ಕೆ? ಸಾಸಿವೆ ಎಲ್ಲಿ?” ಎಂದರು. ರಬ್ಬರಿಗೆ ಎಣ್ಣೆ ಆಗದೆಂಬುದು ಆವತ್ತು ಗೊತ್ತಾಯಿತು. ಆ ಟೈರು ಅಲ್ಲಿಗೇ ಮುಗಿಯಿತು.

ಬಸ್ಸಿನ ಯಜಮಾನರು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸಾಹುಕಾರರು. ಮನೆಯಲ್ಲಿ ಇಪ್ಪತ್ತು ಮಗ್ಗ. ಅವರೂ ನಾವೂ ಒಂದೇ ಜಾತಿ, ಮನೆಮಾತು ತೆಲುಗು. ನಮ್ಮಪ್ಪ ಅವರ ಮಗ್ಗದ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂತು ಬೆನ್ನು ಬಾಗಿಸಿಕೊಂಡವನು. ನನ್ನ ತಮ್ಮನೂ ಅಲ್ಲೇ. ನಾನೊಬ್ಬ ಆ ಗುಂಡಿಯಿಂದ ಎದ್ದು ಹೊರಗೆ ಬಂದಿದ್ದೆ. ಸಾಹುಕಾರರು ಬಸ್ಸಿನ ಇಂಜಿನ್ನಿಗೆ ಕಿವಿ ಕೊಡುತ್ತಿರಲಿಲ್ಲ, ಅವರ ಜೀವವೆಲ್ಲ ಟೈರಿನಲ್ಲಿ. ಮೊದಲ ಟೈರನ್ನು ನಾನು ಗಾಳಿಯಿಲ್ಲದೆ ಓಡಿಸಿ ಕೆಡಿಸಿದ್ದೆ. ಎರಡನೆಯದು ಈ ಎಣ್ಣೆಯದು. ಆಗ ಜಗಲಿಯ ಮೇಲೆ ಹತ್ತು ಜನರ ಮುಂದೆ ನನ್ನನ್ನು ನಿಲ್ಲಿಸಿ ಹೇಳಿದರು: “ಇನ್ನೊಂದು ಟೈರು ನಿನ್ನ ಕೈಯಾಗೆ ಹೋದ್ರೆ ಕೋಟು ಬಿಚ್ಚಿಟ್ಟು ಗುಂಡಿಗಿಳಿ. ನಿಮ್ಮಪ್ಪನ ಮಗ್ಗ ಹಂಗೇ ಐತೆ.” ಗುಂಡಿಗೆ ಇಳಿಯುವುದು ನನಗೆ ಸಾವಿಗಿಂತ ಕೆಟ್ಟದ್ದಾಗಿ ಕಾಣುತ್ತಿತ್ತು. ಈಗ ಯೋಚಿಸಿದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಆ ದಿನ ಬೇಸಿಗೆ. ಬೆಳಿಗ್ಗೆ ಬರುವಾಗಲೇ ಹಾನಗಲ್ಲಿನ ಹತ್ತಿರ ಒಂದು ಚಕ್ರ ಕೂತು, ಹೆಚ್ಚುವರಿ ಚಕ್ರ ಹಾಕಿದ್ದೆ. ಚಳ್ಳಕೆರೆ ಮುಟ್ಟಿ ನೋಡಿದರೆ ಮುಂದಿನ ಇನ್ನೊಂದು ಚಕ್ರವೂ ಸಣ್ಣಗೆ ಗಾಳಿ ಬಿಡುತ್ತಿತ್ತು. ಎರಡನ್ನೂ ಸಾಬರ ಅಂಗಡಿಗೆ ಉರುಳಿಸಿದೆ. ಮಧ್ಯಾಹ್ನ ಹೊರಡಬೇಕಾದ ಬಸ್ಸು. ಹದಿನಾರು ಜನ ಬೇವಿನ ಮರದ ಕೆಳಗೆ ಕೂತು ನನ್ನನ್ನೇ ನೋಡುತ್ತಿದ್ದರು. ಅತ್ತ ಮೊಳಕಾಲ್ಮೂರಿನಲ್ಲಿ ಸಾಹುಕಾರರು ಗಡಿಯಾರ ಹಿಡಿದು ಜಗಲಿಯಲ್ಲಿ ಕೂತಿರುತ್ತಾರೆ.

ಗಾಳಿ ಬಿಡುತ್ತಿದ್ದ ಚಕ್ರವನ್ನು ಮೊದಲು ಕಂಬಳಿಯ ಮೇಲೆ ಮಲಗಿಸಿ, “ಕೈಯಾಡ್ಸು” ಎಂದರು ಸಾಬರು.

ಅರ್ಧ ಸುತ್ತು ಆಡಿಸಿ, “ಸರಿ ಐತೆ, ಹೊಡೀರಿ ಬೇಗ” ಎಂದೆ.

“ಪೂರ್ತಿ.”

ಪೂರ್ತಿ ಆಡಿಸಿದೆ. ಸರಿಯಾಗಿಯೇ ಇತ್ತು. ಅವರು ನೊರೆ ಸುರಿದು ಬೀಡಿ ಹಚ್ಚಿದರು. ನಾನು ಅವರ ತಲೆಯ ಮೇಲೆ ನಿಂತು ಗೊಣಗತೊಡಗಿದೆ. ಜನ ಬೈತಾರೆ ಎಂದೆ. ಸಾವುಕಾರ ನನ್ನ ಹೊಟ್ಟೆ ಮೇಲೆ ಹೊಡೆಯುತ್ತಾನೆ ಎಂದೆ. ನಿಮಗೇನು ನೆರಳಿನಾಗೆ ಕೂತಿದ್ದೀರಿ ಎಂದೂ ಎಂದೆ. ಅವರು ಅರ್ಧ ಸೇದಿದ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ಪಟ್ಟಿ ತೂರಿಸಿದರು. ಹಾಗೆ ಮಾಡಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಇನ್ನೊಂದು ಪಟ್ಟಿಯನ್ನು ಕಾಲಿನಲ್ಲಿ ಹಿಡಿಯುವ ಬದಲು ನನ್ನ ಕೈಗೆ ಕೊಟ್ಟರು. “ಇದನ್ನ ಹಿಡ್ಕೋ ಅಷ್ಟೇ. ಒತ್ಬ್ಯಾಡ. ನಾನು ಆ ಕಡೆ ಎಬ್ಬಿಸ್ಕೊಂಡು ಬರ್ತೀನಿ” ಎಂದು ಚಕ್ರದ ಆಚೆ ಬದಿಗೆ ಹೋಗಿ ಬಗ್ಗಿದರು.

ಮರದ ಕೆಳಗಿನಿಂದ ಯಾರೋ “ಇವತ್ತು ಹೊಂಡ್ತದೇನಪ್ಪ ಈ ತೇರು?” ಎಂದು ಕೂಗಿದರು. ನಾಲ್ಕು ಜನ ನಕ್ಕರು. ನನಗೆ ರೇಗಿತು. ಹಿಡಿದುಕೊಂಡಿದ್ದ ಪಟ್ಟಿಯ ಮೇಲೆ ಬೂಟುಗಾಲಿಟ್ಟು ಮೈಭಾರವನ್ನೆಲ್ಲ ಬಿಟ್ಟೆ.

ಸದ್ದು ದೊಡ್ಡದೇನಲ್ಲ. ಹಳೆಯ ಪಂಚೆ ಹರಿದಷ್ಟೇ.

ನಾನು ಕಾಲು ತೆಗೆದೆ. ಸಾಬರು ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ. ಆಚೆಯಿಂದ ಎದ್ದು ಬಂದು, ಟೈರನ್ನು ಪೂರ್ತಿ ಬಿಚ್ಚಿ, ಹರಿದ ಕಡೆ ತಿರುಗಿಸಿ ಬೆಳಕಿಗೆ ಹಿಡಿದರು. ನಾಲ್ಕು ಬೆರಳು ಉದ್ದ. ಒಳಗಿನ ಬಟ್ಟೆಯ ನೂಲು ಬೆಳ್ಳಗೆ ಹೊರಗೆ ಬಂದಿತ್ತು. ಹಳೆಯ ಗಾಯವಾಗಿದ್ದರೆ ರಸ್ತೆಯ ಕೆಮ್ಮಣ್ಣು ಹಿಡಿದು ಆ ನೂಲು ಕೆಂಪಗಿರುತ್ತಿತ್ತು. ಅಷ್ಟರಲ್ಲಿ ನಾಲ್ಕಾರು ಜನ ಸುತ್ತ ನೆರೆದಿದ್ದರು.

“ಏನಾತು ಸಾಬ್ರೇ?” ಎಂದ ಏಜೆಂಟ.

“ಬಿಚ್ಚೋವಾಗ ಹರೀತು. ನನ್ ತಪ್ಪು” ಎಂದರು. ನನ್ನ ಕಡೆ ತಿರುಗಿ, “ಸಾವ್ಕಾರ್ರಿಗೆ ಹಂಗೇ ಹೇಳು” ಎಂದರು.

ಬಾಯಿ ತೆರೆಯಲು ನನಗೆ ಅದೇ ಸಮಯ. ತೆರೆಯಲಿಲ್ಲ. ಕಣ್ಣ ಮುಂದೆ ಮಗ್ಗದ ಗುಂಡಿ ಬಂದಿತ್ತು. ಅವರು ಬೆಳಗಿನ ಚಕ್ರಕ್ಕೆ ತೇಪೆ ಹಾಕಿ, ಈ ಸಲ ಬೀಡಿ ಪೂರ್ತಿ ಸೇದಿ, ನಿಧಾನವಾಗಿ ಮುಗಿಸಿ ಕೊಟ್ಟರು. ಹರಿದ ಟೈರನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಎರಡು ಗಂಟೆ ತಡವಾಗಿ ಹೊರಟೆ.

ಸಾಹುಕಾರರಿಗೆ ಅವರು ಹೇಳಿದಂತೆಯೇ ಹೇಳಿದೆ. ಸಾಹುಕಾರರು ಟೈರನ್ನು ತಿರುಗಿಸಿ ನೋಡಿ, ನನ್ನನ್ನು ನೋಡಿ ನಕ್ಕರು. “ಅಬದ್ಧಂ ಚೆಪ್ತಾಡು ರಾ” ಎಂದರು, ಅವನು ಸುಳ್ಳು ಹೇಳ್ತಾನೆ ಕಣೋ ಎಂದು. “ನಾನು ಅರವತ್ತು ವರ್ಷದಿಂದ ಪೇಟೆ ನೋಡಿದೀನಿ. ತಾನು ಕೆಡಿಸಿದೆ ಅಂತ ಒಪ್ಪೋ ಅಂಗಡಿಯೋನು ಇನ್ನೂ ಹುಟ್ಟಿಲ್ಲ. ನೀನು ಕಾಲಿಗೆ ಬಿದ್ದಿದೀಯ, ಅವ್ನು ಪಾಪ ಅಂತ ಹೇಳ್ಯಾನೆ.” ಕೋಟು ಬಿಚ್ಚಿಸಿದರು. ರಾಂಪುರದಿಂದ ಬೇರೆ ಡ್ರೈವರ್ ಬರುವವರೆಗೆ ಬಸ್ಸು ಮನೆಯ ಮುಂದೆಯೇ ನಿಲ್ಲಲಿ ಎಂದರು. ಟೈರು ಕೆಡಿಸಿದವನು ನಾನೆಂಬುದೊಂದನ್ನು ಅವರು ಸರಿಯಾಗಿಯೇ ಊಹಿಸಿದ್ದರು, ಸುಳ್ಳು ಯಾರದೆಂಬುದನ್ನಲ್ಲ. ನಾನು ಎರಡು ದಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ತಮ್ಮ ಬಂದು, ಅಪ್ಪನ ಮಗ್ಗದ ಧೂಳು ಹೊಡೆದಿದ್ದೇನೆ ಎಂದು ಹೇಳಿ ಹೋದ.

ಮೂರನೆಯ ದಿನ ಬೆಳಿಗ್ಗೆ ಸಾಬರು ಬಂದರು. ಬಸ್ಸು ಯಾಕೆ ಬರಲಿಲ್ಲವೆಂದು ಯಾರೋ ಹೇಳಿದ್ದರಂತೆ. ಬಳ್ಳಾರಿಯ ಲಾರಿಯಲ್ಲಿ ಹಾನಗಲ್ಲಿನವರೆಗೆ ಬಂದು, ಅಲ್ಲಿಂದ ನಡೆದಿದ್ದರು. ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ಎರಡು ಪಟ್ಟಿ. ನನ್ನ ಮನೆಗೆ ಬರಲಿಲ್ಲ, ನೇರ ಸಾಹುಕಾರರ ಜಗಲಿಗೆ ಹೋದರು. ಸುದ್ದಿ ತಿಳಿದು ನಾನು ಓಡಿಹೋಗಿ ಜನರ ಹಿಂದೆ ನಿಂತುಕೊಂಡೆ.

“ಟೈರು ನನ್ನ ಅಂಗಡಿನಾಗೆ ಹರಿದಿದ್ದು ಸಾವ್ಕಾರ್ರೇ. ಡ್ರೈವರನ್ನ ಯಾಕ್ ತೆಗೆದ್ರಿ?”

“ನೀವು ಒಳ್ಳೇರು ಸಾಬ್ರೇ. ಅವನ್ನ ಉಳಿಸಾಕೆ ಹೇಳ್ತೀರಿ. ನಾನು ನಂಬಲ್ಲ.”

“ಹೆಂಗೆ ನಂಬ್ತೀರಿ?”

“ಹೆಂಗೂ ನಂಬಲ್ಲ.”

ಸಾಬರು ತಿರುಗಿ, ಮನೆಯ ಮುಂದೆ ನಿಂತಿದ್ದ ಬಸ್ಸಿನ ಹತ್ತಿರ ಹೋದರು. ಮುಂದಿನ ಚಕ್ರದ ಪಕ್ಕ ಕಂಬಳಿ ಹಾಸಿದರು. ಬಸ್ಸಿನಿಂದ ಜಾಕು ತೆಗೆದು ಅವರೇ ಎತ್ತಿ ನಿಲ್ಲಿಸಿದರು. ಬಿರಡೆ ತಿರುಗಿಸಿ ಗಾಳಿ ಬಿಟ್ಟರು. ಸುಯ್ಯೆಂಬ ಸದ್ದು ಕೇಳಿ ಒಳಗಿನ ಮಗ್ಗಗಳು ಒಂದೊಂದಾಗಿ ನಿಂತವು, ನೇಯುವವರೆಲ್ಲ ಹೊರಗೆ ಬಂದರು. ನನ್ನ ತಮ್ಮನೂ ಬಂದ.

“ಏನ್ ಮಾಡ್ತೀರಿ?” ಎಂದು ಸಾಹುಕಾರರು ಜಗಲಿ ಇಳಿದರು.

“ಹೆಂಗೆ ಹರಿದೆ ಅಂತ ತೋರಿಸ್ತೀನಿ. ಬರ್ರಿ, ಕೈಯಾಡ್ಸಿ ನೋಡ್ರಿ.”

ಏಕೆಂದು ಗೊತ್ತಿಲ್ಲ, ಸಾಹುಕಾರರು ಬಗ್ಗಿ ನಿಜವಾಗಿಯೂ ಅಂಚಿನ ಸುತ್ತ ಕೈಯಾಡಿಸಿದರು. ಸಾಬರ ದನಿಯಲ್ಲಿ ಅಂಥದೇನೋ ಇತ್ತು.

“ಸರಿ ಐತಾ?”

“ಐತೆ. ಹೊಸಾದು. ಹೋದ ತಿಂಗ್ಳು ತರಿಸಿದ್ದು.”

“ಹಂಗಾದ್ರೆ ನೋಡ್ರಿ. ನೊರೆ ಹಾಕಿದೆ, ಇಳಿಯೋಕೆ ಬಿಡಲಿಲ್ಲ. ಅವಸರ ಮಾಡಿದೆ. ಈ ಪಟ್ಟಿ ಹಿಂಗೆ ಆಳಕ್ಕೆ ಇಟ್ಟೆ.” ಪಟ್ಟಿ ಒಳಗೆ ಹೋಯಿತು. ಏಣು ಮಡಿಕೆಯಿಂದ ಮೇಲೆದ್ದು ಬಿಗಿದು ನಿಂತಿತು. “ಈಗ ಇದರ ಮೇಲೆ ಭಾರ ಬಿಟ್ರೆ ಹರೀತೈತೆ. ಬಿಡ್ತೀನಿ.” ಬರಿಗಾಲನ್ನು ಎತ್ತಿ ಪಟ್ಟಿಯ ಮೇಲೆ ಇಟ್ಟರು.

“ಬ್ಯಾಡ! ಬ್ಯಾಡ!” ಸಾಹುಕಾರರು ಅವರ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಮೇಲುವಸ್ತ್ರ ಜಾರಿ ಮಣ್ಣಿಗೆ ಬಿತ್ತು. “ನಂಬಿದೆ! ನಂಬಿದೆನಪ್ಪ, ಕಾಲು ತೆಗೀರಿ!”

ಜನ ನಕ್ಕರು. ನಾನೂ ನಕ್ಕೆ. ನಕ್ಕದ್ದು ನೆನಪಿದೆ. ಸಾಬರು ಪಟ್ಟಿಯನ್ನು ಬೆರಳಷ್ಟು ಬೆರಳಷ್ಟೇ ಸಡಿಲಿಸಿ, ಏಣನ್ನು ಮಡಿಕೆಗೆ ಕೂರಿಸಿ, ಗಾಳಿ ತುಂಬಿದರು. ಬೆವರು ಒರೆಸಿಕೊಂಡ ಸಾಹುಕಾರರಿಗೆ ಅವಮಾನ ಈಗ ನೆನಪಾಯಿತು. ಡ್ರೈವರ್ ಇರಲಿ ಎಂದರು. ಆದರೆ ಟೈರು ಹರಿದೆ ಎಂದು ಹತ್ತು ಜನರ ಮುಂದೆ ಒಪ್ಪಿಕೊಂಡವರ ಅಂಗಡಿಗೆ ಇನ್ನು ಮೇಲೆ ತಮ್ಮ ಬಸ್ಸಿನ ಚಕ್ರ ಹೋಗಕೂಡದು ಎಂದೂ ಹೇಳಿದರು. ಸಾಬರು, “ನಿಮ್ ಬಸ್ಸು, ನಿಮ್ ಇಷ್ಟ” ಎಂದು ಕಂಬಳಿ ಕೊಡವಿದರು. ಚಳ್ಳಕೆರೆಗೆ ದಿನವೂ ಬರುವ ಬಸ್ಸು ನಮ್ಮದೊಂದೇ. ಮಿಕ್ಕಂತೆ ಎರಡು ಕಾರು, ಹತ್ತಾರು ಸೈಕಲ್ಲು. ಅವರ ಅಂಗಡಿ ನಿಂತಿದ್ದೇ ನಮ್ಮ ಬಸ್ಸಿನ ಮೇಲೆ. ಅದು ಅಲ್ಲಿದ್ದವರಲ್ಲಿ ಅವರನ್ನು ಬಿಟ್ಟರೆ ನನಗೊಬ್ಬನಿಗೆ ಗೊತ್ತಿತ್ತು.

ಆವತ್ತು ಮಧ್ಯಾಹ್ನ ಕೋಟು ತೊಟ್ಟು ಬಸ್ಸು ಹೊರಡಿಸಿದೆ. ಸಾಬರು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಜನ ತಮ್ಮ ತಮ್ಮ ಗದ್ದಲದಲ್ಲಿದ್ದರು. ಹಾನಗಲ್ ಬಂತು. ಈ ವರ್ಷ ಜೋಳ ಹೇಗಿದೆ ಎಂದು ಕೇಳಿದೆ. ಚೆನ್ನಾಗೈತೆ ಎಂದರು. ಹೇಳಬೇಕೆಂದು ಎರಡು ಮೂರು ಸಲ ಅವರ ಕಡೆ ತಿರುಗಿದೆ. ಗೇರು ಬದಲಾಯಿಸಿದೆ, ಹಾರ್ನು ಒತ್ತಿದೆ, ರಸ್ತೆಯಲ್ಲಿದ್ದ ಕುರಿಗಳನ್ನು ಬೈದೆ. ತಳಕು ಬಂದು ಹೋಯಿತು. ಚಳ್ಳಕೆರೆಯಲ್ಲಿ ಇಳಿಯುವಾಗ ಅವರು, “ಬರ್ತೀನಿ” ಎಂದರು. ನಾನು “ಆಗ್ಲಿ ಸಾಬ್ರೇ” ಎಂದೆ.

ಅಲ್ಲಿಂದ ಹನ್ನೊಂದು ವರ್ಷ ನನ್ನ ಬಸ್ಸು ಅವರ ಅಂಗಡಿಯ ಎದುರಿನ ಮರದ ಕೆಳಗೇ ನಿಂತಿತು. ಚಕ್ರಗಳನ್ನು ಮಾತ್ರ ಪೇಟೆಯ ಆ ತುದಿಯಲ್ಲಿ ಹೊಸದಾಗಿ ತೆರೆದ ಅಂಗಡಿಗೆ ಉರುಳಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಮೂರು ಟೈರಿನ ಏಣು ಹರಿಯಿತು. ಮೂರು ಸಲವೂ ಅಂಗಡಿಯವನು ಮೊದಲೇ ಹರಿದಿತ್ತು ಎಂದ, ಸಾಹುಕಾರರು ರಸ್ತೆಗೆ ಶಾಪ ಹಾಕಿ ಸುಮ್ಮನಾದರು. ಸಾಬರು ಬೆಳಗಿನ ಹೊತ್ತು ಅಣ್ಣನ ಜೊತೆ ಮತ್ತೆ ಲಾಳ ಕಟ್ಟಲು ಹೋಗತೊಡಗಿದರು. ನಲವತ್ತೈದು ದಾಟಿದ ಮೈಯಲ್ಲಿ ಎತ್ತು ಕೆಡವುವುದೆಂದರೆ ಆಟವಲ್ಲ. ಒಂದು ಸಲ ಪಕ್ಕೆಗೆ ಒದೆಸಿಕೊಂಡು ತಿಂಗಳು ಮಲಗಿದರು. ನಾನು ದಾರಿಯಲ್ಲಿ ಎದುರಾದರೆ ಮೊದಲಿನಂತೆಯೇ ಕೈಯೆತ್ತುತ್ತಿದ್ದರು. ಆ ಕೈ ಕಂಡರೆ ನಾನು ಏನೋ ಮರೆತವನಂತೆ ಬಸ್ಸಿನ ಇಂಜಿನ್ನಿನೊಳಗೆ ತಲೆ ತೂರಿಸುತ್ತಿದ್ದೆ.

ಸಾಹುಕಾರರು ತೀರಿಕೊಂಡರು. ಮಗ ಬಸ್ಸು ಮಾರಿದ, ಹೊಸ ಯಜಮಾನರು ನನ್ನನ್ನೇ ಇಟ್ಟುಕೊಂಡರು. ಇನ್ನು ಹೆದರಲು ಯಾರೂ ಉಳಿಯಲಿಲ್ಲವೆಂದಾದ ಮೇಲೆ ನನಗೆ ಧೈರ್ಯ ಬಂತು. ಇದಕ್ಕೆ ಧೈರ್ಯವೆನ್ನುವ ಹಾಗಿಲ್ಲ, ಆದರೂ ಅನ್ನುತ್ತೇನೆ. ಒಂದು ಬೆಳಿಗ್ಗೆ ಅಂಗಡಿಗೆ ಹೋದೆ. ಸಾಬರು ಒಂದು ಸೈಕಲ್ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು.

“ಸಾಬ್ರೇ, ಆವತ್ತು ಪಟ್ಟಿ ತುಳಿದೋನು ನಾನು” ಎಂದೆ.

“ಗೊತ್ತು.”

“ಗೊತ್ತಿತ್ತಾ?”

“ಚಕ್ರ ನನ್ ಕೈಯಾಗಿತ್ತಲ್ಲ. ಎಗರಿತು.”

“ಮತ್ಯಾಕೆ ನಿಮ್ ಮೇಲೆ ಹಾಕ್ಕಂಡ್ರಿ?”

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗದಂತೆ ತೋರಿತು. “ಹಾಕ್ಕೊಳ್ಳೋದೇನು? ನನ್ ತಪ್ಪೇ. ಯಾರ್ ಕೈಗೂ ಕೊಡದ ಪಟ್ಟಿ ನಿನ್ ಕೈಗೆ ಯಾಕ್ ಕೊಟ್ಟೆ? ನಿನ್ ಕಾಲು ನಿಲ್ಲಲ್ಲ ಅಂತ ಕಣ್ಣಿಗೆ ಕಾಣ್ತಿತ್ತು. ಕೊಟ್ಟೆ.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹನ್ನೊಂದು ವರ್ಷ ಸುಮ್ಮನೆ ಹೆದರಿದೆನಲ್ಲ, ಇವರಿಗೆ ನನ್ನ ಮೇಲೆ ಬೇಸರವೇ ಇರಲಿಲ್ಲ ಎಂದುಕೊಂಡೆ. ನಗುತ್ತಾ ಎದ್ದು ನಿಂತೆ. ಅವರು ಟ್ಯೂಬನ್ನು ನೀರಿನಿಂದ ತೆಗೆದು ಬಟ್ಟೆಯಲ್ಲಿ ಒರೆಸಿದರು.

“ಕುಂತ್ಕೋ ತಮ್ಮಾ” ಎಂದರು. ಕೂತೆ. “ಆವತ್ತು ವಾಪಸ್ ಬರೋವಾಗ ನಿನ್ ಪಕ್ಕದಾಗೇ ಕುಂತಿದ್ನಲ್ಲ. ಹಿಂದೆ ಸೀಟು ಖಾಲಿ ಇತ್ತು. ಹೇಳ್ತೀಯ ಅಂತಾನೇ ಮುಂದೆ ಕುಂತೆ. ತಳಕಿನ ತನಕ ಕಾದೆ. ಆಮೇಲೆ ಬಿಟ್ಟೆ.”

ನಾನು ಟ್ಯೂಬು ಮುಳುಗಿಸಿದ್ದ ನೀರನ್ನೇ ನೋಡುತ್ತಾ ಕೂತೆ.

“ನಾನೇನು ಸಾವ್ಕಾರ್ರಿಗೆ ಹೋಗಿ ಹೇಳ್ತಿದ್ನಾ? ನನ್ ಒಬ್ಬನ ಕಿವಿಗೆ ಬಿದ್ದಿದ್ರೆ ಸಾಕಿತ್ತು.”

ಅಷ್ಟು ಹೇಳಿ ಅವರು ತೇಪೆಯ ರಬ್ಬರು ಕತ್ತರಿಸಲು ತೊಡಗಿದರು. ತುಟಿ ಬಿಗಿಯಿತು. ಇನ್ನು ಕೆಲಸ ಮುಗಿಯುವವರೆಗೆ ಮಾತಿಲ್ಲವೆಂದು ನನಗೆ ಗೊತ್ತಿತ್ತು. ಎದ್ದು ಬಂದೆ. ಬಸ್ಸು ಹೊರಡುವ ಹೊತ್ತಾಗಿತ್ತು. ತಳಕಿನಲ್ಲಿ ಇಳಿಯುವವರು ಇಬ್ಬರಿದ್ದರು. ನಾನು ಅಲ್ಲಿ ನಿಲ್ಲಿಸದೆ ಮುಂದೆ ಹೋಗಿಬಿಟ್ಟೆ. ಅವರು ಕೂಗಿಕೊಂಡ ಮೇಲೆ ನಿಲ್ಲಿಸಿ, ಅಷ್ಟು ದೂರ ಹಿಂದಕ್ಕೆ ನಡೆಸಿದ್ದಕ್ಕೆ ತಪ್ಪಾಯಿತು ಎಂದೆ.